ಹನ್ನೆರಡು ಆಳಿನ ದೋಣಿ

ಬಸವ ಜಯಂತಿ ಕಳೆದ ಮೂರನೆಯ ದಿನ ಶಾಂತಮಲ್ಲಪ್ಪ ಬೆಳಗಿನ ಬಸ್ಸಿಗೆ ಬಾಳ್ಳುಪೇಟೆಗೆ ಬಂದು, ಹೆದ್ದಾರಿ ಬದಿಯಲ್ಲಿದ್ದ ಕುಮಾರನ ಅಂಗಡಿ ಮುಂದೆ ನಿಂತ. ಅವನಿಗೆ ಬೇಕಾಗಿದ್ದು ಇಷ್ಟೇ: ಐವತ್ತೆಂಟು ವರ್ಷದ ಒಬ್ಬ ಗಂಡಸು ಯಾರನ್ನೂ ಕೇಳದೆ, ಯಾರ ಕೈಯನ್ನೂ ಕಾಯದೆ, ತನ್ನ ದೋಣಿಯನ್ನು ನೀರಂಚಿನಿಂದ ಟ್ರೈಲರಿನ ಮೇಲಕ್ಕೆ ಎಳೆದುಕೊಳ್ಳುವಂಥ ಒಂದು ವಿಂಚು, ಹ್ಯಾಂಡಲ್ ತಿರುಗಿಸಿ ಉಕ್ಕಿನ ತಂತಿ ಸುತ್ತಿ ಎಳೆಯುವ ಯಂತ್ರ. ಜನ ಬೇಡ. ಜನರನ್ನು ನಂಬಿ ಒಂದು ವರ್ಷ ಕಾದಿದ್ದಾಯಿತು, ಬಂದ ಭಾಗ್ಯವೂ ಕಂಡದ್ದಾಯಿತು.

ಕುಮಾರ ಮೂವತ್ತರ ಆಸುಪಾಸಿನವನು. ಲಾರಿಯವರಿಗೆ, ಮರದ ದಿಮ್ಮಿ ಹೇರುವವರಿಗೆ ಬೇಕಾದ ಹಗ್ಗ, ಸರಪಳಿ, ರಾಟೆ, ಹಳೇ ಸಾಮಾನು ಎಲ್ಲವೂ ಅವನಲ್ಲಿ ಸಿಗುತ್ತಿತ್ತು. ಸಿಗದಿದ್ದುದನ್ನು ಮಂಗಳೂರಿನಿಂದ ಬರುವ ಲಾರಿಯವರ ಕೈಲಿ ತರಿಸಿಕೊಡುತ್ತಿದ್ದ. ಮಾತಿಗೆ ಮಾತ್ರ ಎಂದೂ ಬರ ಇರಲಿಲ್ಲ.

"ದೋಣಿಗೆ ವಿಂಚಾ? ಈ ಬೆಟ್ಟದ ಮೇಲೆ?" ಎಂದು ನಕ್ಕ. "ವನಗೂರು ಕಡೆ ಎಸ್ಟೇಟ್‌ನೋರು ಜೀಪು ಕೆಸರಲ್ಲಿ ಹೂತೋದ್ರೆ ಎಳೆಯಕ್ಕೆ ಒಯ್ತಾರೆ. ದೋಣಿಗೆ ಕೇಳಿದೋರು ನೀವೇ ಮೊದಲು ಯಜಮಾನ್ರೆ."

ಶಾಂತಮಲ್ಲಪ್ಪ ನಗಲಿಲ್ಲ. ಹೇಮಾವತಿಗೆ ಅಣೆಕಟ್ಟು ಕಟ್ಟಿದಾಗ ಆಲೂರು ಕಡೆ ಹಿನ್ನೀರು ಏರಿ, ತಗ್ಗಿನಲ್ಲಿದ್ದ ಅವನ ಊರೂ ಊರಿನ ರಸ್ತೆಯೂ ಮುಳುಗಿದ್ದವು. ದಿಬ್ಬಕ್ಕೆ ಬಂದು ನೆಲೆಯಾದದ್ದು ಅವನ ಮನೆಯೂ ಸೇರಿ ಹದಿಮೂರು ಮನೆ. ಆಚೆ ದಡದ ಶಾಲೆಗೆ, ತೋಟದ ಕೆಲಸಕ್ಕೆ, ಬಸ್ಸಿಗೆ ಹೋಗಲು ದಾರಿಯಿಲ್ಲದೆ ಎಲ್ಲರೂ ಕೈಕಟ್ಟಿ ಕೂತಾಗ, ನೇಗಿಲು ಹಿಡಿದೇ ಬೆಳೆದ ಈ ಮನುಷ್ಯ ಒಂದು ದೋಣಿ ಮಾಡಿಸಿದ. ನಗುವವರೆಲ್ಲ ನಕ್ಕರು, ಆಮೇಲೆ ಅದೇ ದೋಣಿಯಲ್ಲಿ ಕೂತರು. ಅಂದಿನಿಂದ ಇಪ್ಪತ್ತು ವರ್ಷ ಅವನೇ ಹುಟ್ಟು ಹಾಕುತ್ತ ಬಂದಿದ್ದ.

ಬೇಸಿಗೆಯಲ್ಲಿ ನೀರು ಇಳಿದು ಹಳೇ ರಸ್ತೆ ಎದ್ದು ಬರುತ್ತಿತ್ತು, ಜನ ನಡೆದೇ ದಾಟುತ್ತಿದ್ದರು. ಆಗ ದೋಣಿಯನ್ನು ಮೇಲಕ್ಕೆ ಎಳೆದು ಚಪ್ಪರದ ಕೆಳಗೆ ಮಗುಚಿ, ಡಾಂಬರು ಬಳಿದು, ಮಳೆಗಾಲಕ್ಕೆ ಸಿದ್ಧ ಮಾಡಬೇಕು. ಆ ಎಳೆತದ ದಿನ ಊರಿನ ಹನ್ನೆರಡು ಆಳು ಬಂದು ಹಗ್ಗ ಹಿಡಿಯುತ್ತಿದ್ದರು. ಬೆಳಿಗ್ಗೆ ಶುರುವಾದರೆ ಮಧ್ಯಾಹ್ನ ಊಟದ ಹೊತ್ತಿಗೆ ಮುಗಿಯುತ್ತಿತ್ತು. ಅವನ ಹೆಂಡತಿ ಜಗದಾಂಬ ಕಡುಬು, ಹಲಸಂದೆ ಕಾಳಿನ ಸಾರು, ಪಾಯಸ ಮಾಡಿ ಬಡಿಸುತ್ತಿದ್ದಳು. ಊಟವಾದ ಮೇಲೂ ಯಾರೂ ಏಳುತ್ತಿರಲಿಲ್ಲ, ಹರಟೆಯಲ್ಲೇ ಸಂಜೆಯಾಗುತ್ತಿತ್ತು. ವರ್ಷವೆಲ್ಲ ಮೂರು ಮಾತಾಡದ ಶಾಂತಮಲ್ಲಪ್ಪ ಆ ಒಂದು ದಿನ ಮೂವತ್ತು ಮಾತಾಡುತ್ತಿದ್ದ.

ಜಗದಾಂಬ ತೀರಿಕೊಂಡದ್ದು ಹೋದ ವರ್ಷದ ಹಿಂದಿನ ವರ್ಷ, ಭಾದ್ರಪದದಲ್ಲಿ. ನಾಲ್ಕು ದಿನದ ಜ್ವರ, ಅಷ್ಟೆ. ಊರೆಲ್ಲ ಬಂದು ಅತ್ತು, ಮಣ್ಣು ಹಾಕಿ, ದಿನದ ಕಾರ್ಯ ಮುಗಿಸಿಕೊಟ್ಟು ಹೋಗಿತ್ತು. ಮುಂದಿನ ಬೇಸಿಗೆಯಲ್ಲಿ ನೀರು ಇಳಿದಾಗ ಶಾಂತಮಲ್ಲಪ್ಪ ದೋಣಿ ಜಾರಿ ಬರಲು ದಿಮ್ಮಿಗಳನ್ನು ಜೋಡಿಸಿ, ಎಣ್ಣೆ ಸವರಿ, ಹಗ್ಗ ಸುತ್ತಿಟ್ಟು ದಡದಲ್ಲಿ ಕೂತ. ಒಬ್ಬರೂ ಬರಲಿಲ್ಲ. ಮರುದಿನ ಕೂತ, ಆಮೇಲೆ ಒಂದು ವಾರ ಕೂತ. ಎದುರಿಗೆ ಹಳೇ ರಸ್ತೆಯಲ್ಲಿ ಊರವರು ನಡೆದು ಹೋಗುತ್ತಿದ್ದರು, ಅವನ ಕಡೆ ನೋಡಿ ತಲೆ ತಗ್ಗಿಸಿ ಮುಂದೆ ಸಾಗುತ್ತಿದ್ದರು. ಕಡುಬು ಬೇಯಿಸುವವಳು ಇಲ್ಲ ಅಂದ ಮೇಲೆ ಇವರಿಗೆ ನನ್ನ ದೋಣಿ ಯಾಕೆ ಎಂದು ಅವನು ತೀರ್ಮಾನ ಮಾಡಿದ. ಆ ತೀರ್ಮಾನ ಎದೆಯಲ್ಲಿ ಕಲ್ಲಾಗಿ ಕೂತಿತು. ದೋಣಿ ಕೆಸರಿನಲ್ಲೇ ಒಣಗಿ ಹಲಗೆ ಬಿರಿದು, ಮಳೆಗಾಲ ಪೂರ್ತಿ ಸೋರಿತು. ಶಾಲೆ ಮಕ್ಕಳು ಕಾಲು ಮೇಲಿಟ್ಟುಕೊಂಡು ಕೂರುತ್ತಿದ್ದರು. ದೋಣಿ ತುಂಬ ಜನ ಇದ್ದರೂ ಯಾರೂ ಮಾತಾಡುತ್ತಿರಲಿಲ್ಲ, ಅವನೂ ಮಾತಾಡುತ್ತಿರಲಿಲ್ಲ. ಮನೆಗೆ ಬಂದರೆ ಅಲ್ಲಿಯೂ ಅದೇ ಕಥೆ. ಕೆಲವು ದಿನ ತನ್ನ ಗಂಟಲಿಂದ ಸ್ವರ ಹೊರಡುತ್ತದೋ ಇಲ್ಲವೋ ಎಂದು ಪರೀಕ್ಷಿಸಲು ಹಸುವನ್ನು ಸುಮ್ಮನೆ ಬೈಯುತ್ತಿದ್ದ.

ಈ ವರ್ಷ ಬೆಳಗೋಡಿನಲ್ಲಿ ವೆಲ್ಡಿಂಗ್ ಮಾಡಿಸಿ ತನ್ನ ಪವರ್ ಟಿಲ್ಲರಿಗೆ ಹೊಂದುವಂಥ ತಗ್ಗು ಟ್ರೈಲರ್ ಒಂದನ್ನು ಸಿದ್ಧ ಮಾಡಿಕೊಂಡಿದ್ದ. ಅದರ ಮೇಲೆ ಕೂರಿಸಲು ವಿಂಚೊಂದು ಸಿಕ್ಕಿಬಿಟ್ಟರೆ ಊರಿನ ಹಂಗು ತೀರಿತು.

"ಎಷ್ಟು ತೂಕ ಐತೆ ನಿಮ್ ದೋಣಿ?" ಎಂದ ಕುಮಾರ.

"ಹನ್ನೆರಡು ಆಳಿನ ದೋಣಿ ಕಣಪ್ಪ."

"ಹನ್ನೆರಡು ಜನ ಕೂರ್ತಾರಾ?"

"ಕೂರೋ ಲೆಕ್ಕ ಅಲ್ಲ. ಎಳೆಯಕ್ಕೆ ಹನ್ನೆರಡು ಆಳು ಬೇಕು. ಇಪ್ಪತ್ತು ವರ್ಷದಿಂದ ಹಂಗೇ ಎಳ್ದಿರೋದು."

ಕುಮಾರ ಒಳಗಿನಿಂದ ಎರಡು ವಿಂಚು ತಂದು ಹಲಗೆಯ ಮೇಲಿಟ್ಟ. ದೊಡ್ಡದಕ್ಕೆ ಎರಡು ಜೋಡಿ ಹಲ್ಲುಚಕ್ರ, ಒಳಗೆ ಬ್ರೇಕು. ಚಿಕ್ಕದಕ್ಕೆ ಒಂದೇ ಚಕ್ರ, ಅದರ ಹಲ್ಲಿಗೆ ಸಿಕ್ಕಿಸುವ ಒಂದು ಕೊಕ್ಕೆ. "ದೊಡ್ಡದ್ರಲ್ಲಿ ಹ್ಯಾಂಡಲ್ ಕೈ ಬಿಟ್ರೂ ದೋಣಿ ಹಿಂದಕ್ಕೆ ಜಾರಲ್ಲ, ಎಲ್ಲಿತ್ತೋ ಅಲ್ಲೇ ನಿಲ್ತದೆ. ತಿರುಗ್ಸೋದು, ಬಿಡೋದು, ಹೋಗಿ ದೋಣಿ ಮೂತಿ ನೆಟ್ಟಗೆ ಮಾಡೋದು, ಮತ್ತೆ ಬಂದು ತಿರುಗ್ಸೋದು. ಒಬ್ರೇ ಮಾಡ್ಕಬೌದು. ಚಿಕ್ಕದು ಹಂಗಲ್ಲ. ಕೊಕ್ಕೆ ತಪ್ಪಿ ಹ್ಯಾಂಡಲ್ ಉಲ್ಟಾ ಹೊಡೀತು ಅಂದ್ರೆ ಮಣಿಕಟ್ಟು ಮುರೀತದೆ. ಒಬ್ರು ಹ್ಯಾಂಡಲ್ ಹಿಡಿದೇ ಇರಬೇಕು, ಇನ್ನೊಬ್ರು ದೋಣಿ ಜೊತೆ ನಡ್ಕಂಡು ಬರಬೇಕು. ಜೊತೆಗೆ ಯಾರಿರ್ತಾರೆ?"

ಶಾಂತಮಲ್ಲಪ್ಪ ದೊಡ್ಡದರ ಹ್ಯಾಂಡಲ್ ಹಿಡಿದು ಒಂದು ಸುತ್ತು ತಿರುಗಿಸಿ, "ಯಾರಿಲ್ಲ. ನಾನೊಬ್ನೇ" ಎಂದ. ಎಷ್ಟೋ ಸಲ ಮನಸ್ಸಿನಲ್ಲಿ ಅಂದುಕೊಂಡ ಮಾತೇ ಆದರೂ ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಹೇಳಿದ ಮೇಲೆ ಅವನಿಗೆ ನಾಚಿಕೆಯಾಯಿತು.

ಕುಮಾರನಿಗೂ ಅದು ಮುಟ್ಟಿರಬೇಕು. ದನಿ ತಗ್ಗಿಸಿ, "ಹಂಗಾರೆ ದೊಡ್ಡದೇ ಸರಿ. ಆದ್ರೆ ಹನ್ನೆರಡಾಳು ಅಂದ್ರೆ ಇದೂ ಸಾಲದೇ ಹೋಗಬೌದು, ಮಂಗಳೂರಿಂದ ಬೇರೆ ತರಿಸ್ಬೇಕು. ಅಂದಾಜಿನ ಮೇಲೆ ಕೊಟ್ಟು ಆಮೇಲೆ ವೈರು ಕಿತ್ತು ನಿಮ್ ಮುಖಕ್ಕೆ ಹೊಡೆದ್ರೆ ನನ್ ತಲೆಗೆ ಬರ್ತದೆ. ಇದ್ನ ತಗಂಡೋಗಿ" ಎಂದು, ಕಾಫಿ ಮೂಟೆ ತೂಗುವ ಸ್ಪ್ರಿಂಗ್ ತಕ್ಕಡಿಯೊಂದನ್ನು ಕೊಟ್ಟ. ಗಡಿಯಾರದಂಥ ದುಂಡು ಮುಖ, ಮೇಲೊಂದು ಕೆಳಗೊಂದು ಕೊಕ್ಕೆ. "ಒಂದು ಕೊಕ್ಕೆ ದೋಣಿಗೆ, ಒಂದು ಹಗ್ಗಕ್ಕೆ. ಎಳೀರಿ. ದೋಣಿ ಅಲ್ಲಾಡಿದ ಗಳಿಗೇಲಿ ಮುಳ್ಳು ಎಷ್ಟು ತೋರುಸ್ತು ಅಂತ ನೋಡ್ಕಂಡು ಬನ್ನಿ. ಅದ್ರ ಮೇಲೆ ವಿಂಚು ಆರಿಸೋಣ."

ಮರುದಿನ ಬೆಳಿಗ್ಗೆ ಅವನು ನೀರಂಚಿಗೆ ಹೋಗಿ ದೋಣಿಯ ಮುಂದೆ ದಿಮ್ಮಿ ಜೋಡಿಸಿ ಎಣ್ಣೆ ಸವರಿದ. ಮೊದಲು ಟಿಲ್ಲರಿಗೆ ಹಗ್ಗ ಕಟ್ಟಿ ನೋಡಿದ. ಟಿಲ್ಲರ್ ಹಿಡಿದುಕೊಂಡರೆ ಹಿಂದಿನ ಮುಳ್ಳು ಕಾಣುವುದಿಲ್ಲ, ಮುಳ್ಳು ನೋಡಲು ಬಂದರೆ ಟಿಲ್ಲರ್ ತನ್ನ ಪಾಡಿಗೆ ಹೊರಡುತ್ತದೆ. ಒಬ್ಬನೇ ಇರುವುದೆಂದರೆ ಇದೇ ಎಂದು ಅವನಿಗೆ ಕೋಪ ಬಂತು. ತೂಕ ನೋಡುವುದಕ್ಕೂ ಇನ್ನೊಂದು ಜೊತೆ ಕಣ್ಣು ಬೇಕು. ಕೊನೆಗೆ, ಗಾಡಿಯ ಮೇಲಿನ ಹುಲ್ಲಿನ ಹೊರೆ ಬಿಗಿಯುವ ಉಪಾಯ ನೆನಪಾಯಿತು. ತಕ್ಕಡಿಯ ಒಂದು ಕೊಕ್ಕೆಯನ್ನು ದೋಣಿಗೆ ಸಿಕ್ಕಿಸಿ, ಇನ್ನೊಂದರಿಂದ ದಡದ ಹಳೇ ಮರದ ಬೊಡ್ಡೆಗೆ ಹಗ್ಗವನ್ನು ಎರಡು ಎಳೆಯಾಗಿ ಬಿಗಿದು, ನಡುವೆ ಗೂಟ ತೂರಿಸಿ, ಗೂಟವನ್ನು ತಿರುವುತ್ತ ಬಂದ. ಹಗ್ಗ ಹುರಿಗೊಂಡು ಗಿಡ್ಡವಾಗುತ್ತ ಬಂತು. ಮುಳ್ಳು ಐವತ್ತು ದಾಟಿತು, ನೂರು ದಾಟಿತು. ಈಗಲೇ ತಕ್ಕಡಿ ಕಿತ್ತು ಹೋಗುತ್ತದೆ, ಹನ್ನೆರಡು ಆಳು ಎಳೆಯುವ ಈ ದೋಣಿ ಐನೂರು ಆರುನೂರು ಮುಟ್ಟದೆ ಎಲ್ಲಿ ಅಲುಗುತ್ತದೆ ಎಂದು ಮುಖ ಪಕ್ಕಕ್ಕೆ ವಾಲಿಸಿ, ಓರೆಗಣ್ಣಿನಲ್ಲಿ ಮುಳ್ಳು ನೋಡುತ್ತ ತಿರುವಿದ.

ನೂರ ನಲವತ್ತಕ್ಕೆ ದೋಣಿ ಹೊರಟಿತು. ಎಣ್ಣೆ ಸವರಿದ ದಿಮ್ಮಿಗಳ ಮೇಲೆ ಒಂದು ಗೇಣು ಸದ್ದಿಲ್ಲದೆ ಬಂದು ನಿಂತಿತು.

ತಕ್ಕಡಿ ಕೆಟ್ಟಿದೆ ಅಂದುಕೊಂಡ. ಮನೆಗೆ ಹೋಗಿ ಸೊಸೈಟಿಯಲ್ಲಿ ತಂದಿದ್ದ ಐವತ್ತು ಕೆ.ಜಿ. ಗೊಬ್ಬರದ ಮೂಟೆ ಹೊತ್ತು ತಂದು ತೂಗಿ ನೋಡಿದ. ಐವತ್ತು ಅಂದರೆ ಐವತ್ತೇ. ಮತ್ತೆ ಎರಡು ಸಲ ಎಳೆದ. ನೂರ ಮೂವತ್ತೈದು, ನೂರ ನಲವತ್ತೈದು. ಇಷ್ಟೇ ಆಗಿದ್ದರೆ ಒಳ್ಳೆಯದೇ ಆಯಿತಲ್ಲ, ಖುಷಿಪಡಬೇಕಿತ್ತು. ಆದರೆ ಅವನು ಮುಖ ಗಂಟಿಕ್ಕಿಕೊಂಡೇ ಹಗ್ಗ ಬಿಚ್ಚಿದ.

ಮಧ್ಯಾಹ್ನದ ಬಸ್ಸಿಗೆ ಮತ್ತೆ ಬಾಳ್ಳುಪೇಟೆಗೆ ಹೋಗಿ ಸಂಖ್ಯೆ ಹೇಳಿದಾಗ ಕುಮಾರ ಗಹಗಹಿಸಿ ನಕ್ಕ.

"ನೂರ ನಲವತ್ತಾ! ಒಬ್ಬ ಆಳು ಕಾಲೂರಿ ಎಳೆದ್ರೆ ಐವತ್ತು ಕೆ.ಜಿ. ಬರ್ತದೆ ಯಜಮಾನ್ರೆ. ಮೂರಾಳಿನ ದೋಣಿ ಕಣ್ರೀ ಇದು. ಈ ಚಿಕ್ಕ ವಿಂಚೇ ಧಾರಾಳ ಆಯ್ತು." ಆಮೇಲೆ ನಗು ನಿಲ್ಲಿಸಿ, ನಿಜಕ್ಕೂ ತಿಳಿಯದೆ ಕೇಳಿದ: "ಅಲ್ಲಾ, ಮೂರಾಳಿನ ದೋಣಿಗೆ ಇಪ್ಪತ್ತು ವರ್ಷ ಹನ್ನೆರಡು ಜನ ಯಾಕೆ ಬರ್ತಿದ್ರು?"

ಅದೇ ಪ್ರಶ್ನೆಯನ್ನು ಶಾಂತಮಲ್ಲಪ್ಪ ಬೆಳಗಿನಿಂದ ತನ್ನನ್ನು ತಾನು ಕೇಳಿಕೊಳ್ಳದೆ ತಪ್ಪಿಸಿಕೊಂಡು ಓಡಾಡುತ್ತಿದ್ದ. ಬೇರೆಯವನ ಬಾಯಲ್ಲಿ ಕೇಳಿದ ಮೇಲೆ ತಪ್ಪಿಸಿಕೊಳ್ಳಲು ಜಾಗವಿರಲಿಲ್ಲ. ಊಟಕ್ಕೆ ಬರುತ್ತಿದ್ದರು ಎನ್ನೋಣವೆಂದರೆ ಒಂದು ಹೊತ್ತಿನ ಕಡುಬಿಗೆ ಗತಿಯಿಲ್ಲದ ಮನೆ ಆ ಹನ್ನೆರಡರಲ್ಲಿ ಒಂದೂ ಇರಲಿಲ್ಲ. ಕೂಲಿ ದಿನ ಬಿಟ್ಟು ಬರುತ್ತಿದ್ದರು.

"ಯಾವ್ದು ಕಟ್ಲಿ? ದೊಡ್ಡದಾ, ಚಿಕ್ಕದಾ?"

"ನಾಳೆ ಹೇಳ್ತೀನಿ" ಎಂದು ಅವನು ಬರಿಗೈಯಲ್ಲೇ ಬಸ್ಸು ಹತ್ತಿದ.

ಹೊತ್ತು ಇಳಿಯುವ ಮುಂಚೆ ಊರು ಸೇರಿದವನು ತನ್ನ ಮನೆಗೆ ಹೋಗದೆ ರಂಗಸ್ವಾಮಿಯ ಅಂಗಳದಲ್ಲಿ ನಿಂತ. ರಂಗಸ್ವಾಮಿ ಅವನ ಓರಗೆಯವನು, ಮುಳುಗಿದ ಊರಿನಲ್ಲಿ ಪಕ್ಕದ ಮನೆಯವನು, ಎಳೆತದ ದಿನ ಹಗ್ಗದ ಮುಂದಿನ ತುದಿ ಹಿಡಿಯುತ್ತಿದ್ದವನು. ಒಂದೂವರೆ ವರ್ಷದಿಂದ ಇಬ್ಬರ ನಡುವೆ ದೋಣಿಯಲ್ಲಿ "ಹತ್ತು", "ಇಳಿ" ಬಿಟ್ಟರೆ ಮಾತಿರಲಿಲ್ಲ. ರಂಗಸ್ವಾಮಿ ಜಗಲಿಯಲ್ಲಿ ಕೂತು ಕುಕ್ಕೆ ಹೆಣೆಯುತ್ತಿದ್ದ. ಅವನ ಹೆಂಡತಿ ಭೂತಮ್ಮ ಬಾಗಿಲಲ್ಲಿ ಅಕ್ಕಿ ಆರಿಸುತ್ತಿದ್ದಳು.

"ಮಿಷನ್ ತರಕ್ಕೋಗಿದ್ಯಂತೆ" ಎಂದ ರಂಗಸ್ವಾಮಿ ತಲೆಯೆತ್ತದೆ. "ಒಳ್ಳೇದಾಯ್ತು ಬುಡು. ಇನ್ನು ನಮ್ಮ ಹಂಗಿಲ್ಲ ನಿಂಗೆ."

ಶಾಂತಮಲ್ಲಪ್ಪ ಜಗಲಿಯ ಹತ್ತಿರಕ್ಕೆ ಬಂದ. "ರಂಗ, ಒಂದು ಮಾತು ಕೇಳ್ತೀನಿ, ನಿಜ ಹೇಳು. ನಮ್ ದೋಣಿ ಮೂರೇ ಆಳಿಗೆ ಬರ್ತದೆ. ನಿಮಗೆ ಗೊತ್ತಿತ್ತಾ?"

ರಂಗಸ್ವಾಮಿಯ ಕೈ ನಿಂತಿತು. "ಎಳೆದ ಕೈಗೆ ಗೊತ್ತಾಗಲ್ವೇನೋ? ಮೊದಲ್ನೇ ವರ್ಷವೇ ಗೊತ್ತಾಯ್ತು. ಮೂರು ಜನ ಎಳೆಯೋರು, ಮಿಕ್ಕೋರು ಹಗ್ಗ ಹಿಡ್ಕಂಡು ಹೋ ಅನ್ನೋರು. ಬೇಗ ಮುಗ್ದೋದ್ರೆ ಊಟದ ಹೊತ್ಗಂಟ ಏನ್ ಮಾಡೋದು ಅಂತ ಹಿಂದಕ್ಕೂ ಜಾರುಸ್ತಿದ್ವಿ. ನೀನೊಬ್ಬ ಮೂತಿ ಹಿಡ್ಕಂಡು ಕಷ್ಟಪಡೋನು."

"ಮತ್ತೆ ಹೋದ ವರ್ಷ ಒಬ್ರೂ ಬರಲಿಲ್ವಲ್ಲೋ. ಒಂದು ವಾರ ಕಾದೆ."

"ಕರೀದೆ ಹೆಂಗೋ ಬರೋದು?"

"ಯಾವ ವರ್ಷ ಕರ್ದಿದ್ದೆ ನಾನು?"

ಈಗ ಭೂತಮ್ಮ ಮೊರವನ್ನು ಕೆಳಗಿಟ್ಟಳು. ಅವನ ಮುಖವನ್ನೇ ನೋಡಿದಳು. "ಮಲ್ಲಪ್ಪಣ್ಣ, ನಿಮಗೆ ಗೊತ್ತೇ ಇಲ್ವಾ?"

"ಏನು?"

"ಜಗದಾಂಬಕ್ಕ ಕರೆಯೋರು. ಎಳೆತದ ಹಿಂದಿನ ಸಾಯಂಕಾಲ ಎಲೆ ಅಡಿಕೆ ತಟ್ಟೆ ಹಿಡ್ಕಂಡು ಹನ್ನೆರಡು ಮನೆಗೂ ಬರೋರು. ನೀವು ಆಗ ನೀರತ್ರ ದಿಮ್ಮಿಗೆ ಎಣ್ಣೆ ಹಚ್ತಾ ಇರ್ತಿದ್ರಿ. ಮೂರು ಜನ ಸಾಕಲ್ಲಕ್ಕ ಅಂತ ನಾನೇ ಅಂದಿದ್ದೆ ಒಂದ್ಸಲ. ದೋಣಿಗೆ ಸಾಕು ಕಣೆ, ನಮ್ಮೋರಿಗೆ ಜನ ಬೇಕು, ಕರೆಯಕ್ಕೆ ಬಾಯಿ ಬರಲ್ಲ, ಒಂದು ದಿನನಾದ್ರೂ ನಗ್ಲಿ ಅಂದ್ರು. ಗಂಡಸರಿಗೆಲ್ಲ ನಾವು ಹಂಗೇ ಹೇಳಿ ಕಳುಸ್ತಿದ್ವಿ."

ರಂಗಸ್ವಾಮಿ ಕುಕ್ಕೆಯನ್ನು ಪಕ್ಕಕ್ಕಿಟ್ಟ. "ಅವರು ಹೋದ್ಮೇಲೆ ನೀನು ಕರೀಲಿಲ್ಲ. ದುಃಖದ ಮನೆ, ಕರೀದೆ ಹೋದ್ರೆ ಊಟಕ್ಕೆ ಆಸೆಪಟ್ಟು ಬಂದಂಗಾಗ್ತದೆ. ಇವನಿಗೆ ಯಾರೂ ಬ್ಯಾಡವಾಗ್ಯದೆ ಅಂದ್ಕಂಡ್ವಿ. ದಡದಲ್ಲಿ ಒಬ್ನೇ ಕೂತಿದ್ದೆ, ಎದೆ ಚುರುಕ್ ಅಂತಿತ್ತು. ಒಂದು ಮಾತು ಕರೀತೀಯೇನೋ ಅಂತ ಆ ರಸ್ತೇಲಿ ಸುಮ್ಸುಮ್ನೆ ಓಡಾಡಿದೀನಿ ಕಣೋ."

ಶಾಂತಮಲ್ಲಪ್ಪ ಜಗಲಿಯ ಅಂಚಿನಲ್ಲಿ ಕುಸಿದು ಕೂತ. ಇಪ್ಪತ್ತು ವರ್ಷ ಒಂದೇ ಸೂರಿನಡಿ ಇದ್ದು, ತನಗಾಗಿ ಹೆಂಡತಿ ಹನ್ನೆರಡು ಹೊಸಿಲು ತುಳಿದದ್ದು ಗೊತ್ತಿಲ್ಲದ ಗಂಡಸು ತಾನು. ಊರವರು ಕಾದರು, ತಾನೂ ಕಾದ. ಅವಳಿದ್ದಿದ್ದರೆ ಇಬ್ಬರಿಗೂ ಬೈಯುತ್ತಿದ್ದಳು. ಅವಳು ಸತ್ತ ದಿನ ಜನರ ಮುಂದೆ ಬಾರದೆ ಉಳಿದಿದ್ದ ಅಳು ಈಗ ಬಂತು. ರಂಗಸ್ವಾಮಿ ಬೇರೆ ಕಡೆ ನೋಡಿದ, ಭೂತಮ್ಮ ನೀರು ತಂದಿಟ್ಟಳು.

ಶಾಂತಮಲ್ಲಪ್ಪ ಮುಖ ಒರೆಸಿಕೊಂಡು, "ಹಂಗಾರೆ ನಾಳಿದ್ದು ಬಾ" ಎಂದ.

"ಹಿಂಗಾ ಕರೆಯೋದು?" ಎಂದ ರಂಗಸ್ವಾಮಿ. "ಅಳ್ತಾ ಕೂತ್ಕಂಡು, ಬರಿಗೈಲಿ? ಸರಿಯಾಗಿ ಕರೀ. ಇಲ್ದಿದ್ರೆ ನಾ ಬರಲ್ಲ."

ಶಾಂತಮಲ್ಲಪ್ಪ ಮನೆಗೆ ಹೋದ. ಆ ತಟ್ಟೆಯನ್ನು ಅವಳು ಎಲ್ಲಿಡುತ್ತಿದ್ದಳೋ ಅವನಿಗೆ ತಿಳಿಯದು. ಗೋಡೆಯ ನಾಗೊಂದಿಗೆಯ ಹಲಗೆ ಮೇಲೆ ಹುಡುಕಿದ, ಪೆಟ್ಟಿಗೆ ತೆರೆದು ಅವಳ ಸೀರೆಗಳ ಮಡಿಕೆಯಲ್ಲಿ ಹುಡುಕಿದ, ಕೊನೆಗೆ ಅಕ್ಕಿ ಡಬ್ಬದ ಹಿಂದೆ ಸಿಕ್ಕಿತು. ಒಂದೂವರೆ ವರ್ಷದ ಧೂಳನ್ನು ಪಂಚೆಯಿಂದ ಒರೆಸಿದ. ತಾನು ಹಾಕಿಕೊಳ್ಳಲು ಇಟ್ಟುಕೊಂಡಿದ್ದ ವೀಳ್ಯದೆಲೆಯನ್ನೆಲ್ಲ ತೊಳೆದು, ಅಡಿಕೆ ಇಟ್ಟು ಹನ್ನೆರಡು ಮನೆಗೆ ಹಂಚಿ ಜೋಡಿಸಿದ. ಕನ್ನಡಿ ಮುಂದೆ ನಿಂತು "ನಮ್ಮನೆ ದೋಣಿ ಎಳೆತ ಐತೆ, ಬನ್ನಿ" ಎಂದು ಎರಡು ಸಲ ಹೇಳಿ ನೋಡಿದ. ಎರಡು ಸಲವೂ ಜಗಳಕ್ಕೆ ಕರೆದ ಹಾಗೆ ಕೇಳಿಸಿತು.

ದೀಪ ಹಚ್ಚುವ ಹೊತ್ತಿಗೆ ತಟ್ಟೆ ಹಿಡಿದು ಮತ್ತೆ ರಂಗಸ್ವಾಮಿಯ ಬಾಗಿಲಿಗೆ ಬಂದ. ಸ್ವಲ್ಪ ಮುಂಚೆ ಏನೂ ನಡೆದೇ ಇಲ್ಲವೆಂಬಂತೆ ರಂಗಸ್ವಾಮಿ ಎದ್ದು ನಿಂತು, ಹೆಗಲ ಮೇಲಿನ ಟವಲು ಸರಿಮಾಡಿಕೊಂಡ.

"ನಾಳಿದ್ದು ನಮ್ಮನೆ ದೋಣಿ ಎಳೆತ ಐತೆ. ಬರಬೇಕು" ಎಂದ ಶಾಂತಮಲ್ಲಪ್ಪ.

"ಮಿಷನ್ ಐತಲ್ಲ ನಿಂಗೆ?"

"ಚಿಕ್ಕದು ತರ್ತೀನಿ ನಾಳೆ. ಅದಕ್ಕೆ ಇಬ್ರು ಬೇಕು. ಒಬ್ರು ತಿರುಗ್ಸಕ್ಕೆ, ಒಬ್ರು ಜೊತೇಲಿ ಬರಕ್ಕೆ."

ರಂಗಸ್ವಾಮಿ ತಟ್ಟೆಯ ಕಡೆ ಕೈ ಚಾಚಿದವನು ಅರ್ಧಕ್ಕೇ ನಿಲ್ಲಿಸಿದ. ಅಲ್ಲಿ ಜೋಡಿಸಿಟ್ಟ ಎಲೆಗಳನ್ನು ಕಣ್ಣಲ್ಲೇ ಲೆಕ್ಕ ಹಾಕಿದ. "ಇಬ್ರು ಸಾಕಾದ್ರೆ ಈ ಹನ್ನೆರಡು ಮನೆ ಎಲೆ ಯಾಕೋ?"

"ದೋಣಿಗೆ ಇಬ್ರು ಸಾಕು" ಎಂದ ಶಾಂತಮಲ್ಲಪ್ಪ. ಈ ಸಲ ಅವನು ಮಾತು ನುಂಗಲಿಲ್ಲ. "ನಂಗೆ ಸಾಲಲ್ಲ ಕಣೋ."

ರಂಗಸ್ವಾಮಿ ಎಲೆ ಅಡಿಕೆ ತೆಗೆದುಕೊಂಡ. ಶಾಂತಮಲ್ಲಪ್ಪ ತಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದು ಮುಂದಿನ ಮನೆಯ ಕಡೆ ನಡೆದ.